ಅರ್ಧ ಪಾಲು ಸಾಕು ಅಂದವರು

ಬೇಸಿಗೆ ರಜೆಗೆ ಊರಿಗೆ ಹೊರಡುವ ಹಿಂದಿನ ದಿನ ನಾವೆಲ್ಲ ತಪ್ಪದೆ ಮಾಡುವ ಒಂದು ಕೆಲಸ ಇದೆ. ಪಕ್ಕದ ಮನೆಯವರ ಕೈಗೆ ಬೀಗದ ಕೈ ಕೊಟ್ಟು, "ಕರಿಬೇವಿನ ಕುಂಡಕ್ಕೆ ದಿನ ಬಿಟ್ಟು ದಿನ ಒಂದು ಚೊಂಬು ನೀರು" ಅಂತ ಹೇಳಿ ಬರುವುದು. ಬರೀ ಐದು ವಾರದ ಮಾತು. ಆದರೂ ವಿಮಾನ ಹತ್ತಿದ ಮೇಲೆ ನನಗೆ ಅದೇ ಚಿಂತೆ. ಮರೆತುಬಿಟ್ಟರೆ?

ಈ ಸಲ ಹಾಗೆ ಚಿಂತೆ ಮಾಡುತ್ತಾ ಕೂತಿದ್ದಾಗ ಎರಡನೇ ಮಹಾಯುದ್ಧದ ಕಾಲದ, ಕ್ಯಾಲಿಫೋರ್ನಿಯಾದ ಬಾಬ್ ಫ್ಲೆಚರ್ ನೆನಪಾದರು. ಅವರ ಕೈಗೆ ಬಂದಿದ್ದು ಕುಂಡ ಅಲ್ಲ, 90 ಎಕರೆ ದ್ರಾಕ್ಷಿ ತೋಟ. ಐದು ವಾರಕ್ಕಲ್ಲ, ಮೂರು ವರ್ಷಕ್ಕೆ.

ಸ್ಯಾಕ್ರಮೆಂಟೊ ಕಡೆಯವರು ಫ್ಲೋರಿನ್ ರೋಡಿನಲ್ಲಿ ಎಷ್ಟೋ ಸಲ ಓಡಾಡಿರುತ್ತೀರಿ. ಈಗ ಅಲ್ಲಿ ಅಂಗಡಿ, ಸಿಗ್ನಲ್, ಪಾರ್ಕಿಂಗ್ ಜಾಗ. ಒಂದು ಕಾಲಕ್ಕೆ ಫ್ಲೋರಿನ್ ಹಣ್ಣಿನ ಊರು. ಸ್ಟ್ರಾಬೆರಿ ಮತ್ತು ಫ್ಲೇಮ್ ಟೋಕೇ ಅನ್ನುವ ಕೆಂಪು ದ್ರಾಕ್ಷಿ. ಬೆಳೆಯುತ್ತಿದ್ದವರಲ್ಲಿ ಬಹಳ ಮಂದಿ ಜಪಾನಿನಿಂದ ಬಂದ ಕುಟುಂಬದವರು. ಬಳ್ಳಿ ಫಲಕ್ಕೆ ಬರುವ ತನಕ ಸಾಲುಗಳ ನಡುವೆ ಸ್ಟ್ರಾಬೆರಿ ಹಾಕಿ ಸಂಸಾರ ತೂಗಿಸಿದವರು. ಹಿರಿಯರ ಹೆಸರಿಗೆ ಜಮೀನು ಮಾಡಿಸುವ ಹಾಗಿರಲಿಲ್ಲ. ಪೌರತ್ವ ಪಡೆಯಲು ಅರ್ಹರಲ್ಲದವರು ಭೂಮಿ ಕೊಳ್ಳಕೂಡದು ಅಂತ ಕ್ಯಾಲಿಫೋರ್ನಿಯಾ 1913ರಲ್ಲೇ ಕಾನೂನು ಮಾಡಿತ್ತು. ಹಾಗಾಗಿ ಇಲ್ಲೇ ಹುಟ್ಟಿದ ಮಕ್ಕಳ ಹೆಸರಿಗೆ ಮಾಡಿಸುತ್ತಿದ್ದರು. ನಮಗೂ ಇದು ಪರರ ಕಥೆಯಲ್ಲ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅನ್ನುವ ವಲಸಿಗರ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಭಾರತೀಯರಿಗೂ ಪೌರತ್ವ ಇಲ್ಲ ಅಂದಾಗ ಇಲ್ಲಿನ ಪಂಜಾಬಿ ರೈತರು ಇದೇ ಕಾನೂನಿಗೆ ಸಿಕ್ಕಿಬಿದ್ದರು.

ಆಮೇಲಿನದು ನಿಮಗೆ ಗೊತ್ತಿರುವುದೇ. 1941ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರ್ ಮೇಲೆ ಜಪಾನಿನ ದಾಳಿ. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ ಅವರ 9066ನೇ ಆದೇಶ. ಪಶ್ಚಿಮ ಕರಾವಳಿಯ ಸುಮಾರು 1,20,000 ಜಪಾನಿ ಮೂಲದವರನ್ನು ಶಿಬಿರಗಳಿಗೆ ಕಳಿಸಿದರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಇದೇ ದೇಶದಲ್ಲಿ ಹುಟ್ಟಿದ ಪ್ರಜೆಗಳು. ಕೈಯಲ್ಲಿ ಹಿಡಿದುಕೊಳ್ಳುವಷ್ಟು ಸಾಮಾನು ಒಯ್ಯಬಹುದಿತ್ತು. ತೋಟವನ್ನು ಕೈಯಲ್ಲಿ ಹಿಡಿದುಕೊಂಡು ಹೋಗುವುದು ಹೇಗೆ?

ದ್ರಾಕ್ಷಿ ಬೇರೆ ಬಿಟ್ಟು ಹೋಗುವಂಥ ಬೆಳೆ ಅಲ್ಲವೇ ಅಲ್ಲ. ವಿಜಯಪುರದ ಕಡೆಯ ನಮ್ಮ ಸಂಘದ ಸದಸ್ಯರಿಗೆ ಇದನ್ನು ಹೇಳಬೇಕಾಗಿಲ್ಲ, ಚಾಟನಿ, ಅಂದರೆ ಬಳ್ಳಿ ಸವರುವ ಕೆಲಸ, ಒಂದು ವಾರ ತಡವಾದರೆ ಮನೆಮಂದಿಗೆಲ್ಲ ನಿದ್ದೆ ಬರುವುದಿಲ್ಲ. ಇಲ್ಲಿ ಚಳಿಗಾಲದಲ್ಲಿ ಒಂದೇ ಚಾಟನಿ. ಹೋದ ವರ್ಷದ ಕಡ್ಡಿಯಲ್ಲಿ ಬುಡದ ಎರಡು ಕಣ್ಣು ಉಳಿಸಿ ಮಿಕ್ಕಿದ್ದನ್ನೆಲ್ಲ ಸವರಬೇಕು. ಒಂದು ಬಳ್ಳಿ ಮುಗಿಸಿ ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಮುಂದಿನ ಬಳ್ಳಿ ಕಾದಿರುತ್ತದೆ. ಚಿಗುರು ಬಂತು ಅಂದರೆ ಬೂದಿ ರೋಗಕ್ಕೆ ಗಂಧಕದ ಪುಡಿ. ಆಮೇಲೆ ನೀರು, ಕಳೆ, ಕೊಯ್ಲು. ಒಂದು ವರ್ಷ ಕತ್ತರಿ ಹಾಕದಿದ್ದರೆ ತೋಟ ಕಾಡು ಬೀಳುತ್ತದೆ. ಅದಕ್ಕಿಂತ ಮುಂಚೆ ಸಾಲದ ಕಂತು, ಭೂಮಿ ತೆರಿಗೆ ಕಟ್ಟದೆ ಜಮೀನೇ ಕೈಬಿಟ್ಟು ಹೋಗುತ್ತದೆ. ಎಷ್ಟೋ ಕುಟುಂಬಗಳಿಗೆ ಹೀಗೇ ಆಯಿತು.

ಫ್ಲೆಚರ್ ಆಗಷ್ಟೇ ಮೂವತ್ತು ದಾಟಿದ ವಯಸ್ಸಿನವರು. ಹುಟ್ಟಿದ್ದು 1911ರಲ್ಲಿ. ಡೇವಿಸ್‌ನಲ್ಲಿ ಕೃಷಿ ಓದಿ, ಪೀಚ್ ತೋಟ ನೋಡಿಕೊಂಡು, ಸರ್ಕಾರದ ಕೃಷಿ ಇನ್‌ಸ್ಪೆಕ್ಟರ್ ಆಗಿದ್ದರು. ಒಳ್ಳೆ ನೌಕರಿ. ಆಲ್ ಟ್ಸುಕಮೊಟೊ ಅನ್ನುವ ರೈತ ಅವರನ್ನು ಕೇಳಿದರು: ತೋಟ ನೋಡಿಕೊಳ್ಳಿ, ಕಂತು ತೆರಿಗೆ ಕಟ್ಟಿ, ಉಳಿದ ಲಾಭವೆಲ್ಲ ನಿಮ್ಮದೇ. ಇಬ್ಬರಿಗೂ ಅಂಥಾ ಗಾಢ ಸ್ನೇಹವೇನೂ ಇರಲಿಲ್ಲ. ಟೋಕೇ ಬೆಳೆದ ಅನುಭವವೂ ಫ್ಲೆಚರ್‌ಗೆ ಇರಲಿಲ್ಲ. ಕೆಲಸಕ್ಕೆ ರಾಜೀನಾಮೆ ಕೊಟ್ಟು ಬಂದೇಬಿಟ್ಟರು. ಟ್ಸುಕಮೊಟೊ, ಓಕಮೊಟೊ, ನಿಟ್ಟಾ, ಮೂರು ಮನೆಯ ತೋಟ. ದಿನಕ್ಕೆ 18 ಗಂಟೆ ದುಡಿಮೆ.

ನನ್ನನ್ನು ಹಿಡಿದು ನಿಲ್ಲಿಸುವುದು ಎರಡು ಸಣ್ಣ ಸಂಗತಿ. ಲಾಭವೆಲ್ಲ ನಿನ್ನದೇ ಅಂದರೂ ಅವರು ಅರ್ಧ ಮಾತ್ರ ತೆಗೆದುಕೊಂಡರು. ಪೂರ್ತಿ ಬಿಟ್ಟಿದ್ದರೆ ಸಂತ ಅನ್ನಬಹುದಿತ್ತು, ನಾನು ಈ ಅಂಕಣ ಬರೆಯುತ್ತಿರಲಿಲ್ಲವೇನೋ. ಅರ್ಧ ಅಂದರೆ ರೈತನ ಲೆಕ್ಕ. ದುಡಿದಿದ್ದೀನಿ, ನನ್ನ ಪಾಲು ನನಗೆ. ಭೂಮಿ ನಿಮ್ಮದು, ನಿಮ್ಮ ಪಾಲು ನಿಮಗೆ. ಎರಡನೆಯದು, ಟ್ಸುಕಮೊಟೊ ಅವರ ಮನೆ ಖಾಲಿ ಇತ್ತು, ಇರಿ ಅಂತ ಅವರೇ ಹೇಳಿದ್ದರು. ಫ್ಲೆಚರ್ ಮಲಗಿದ್ದು ಕೂಲಿಯಾಳುಗಳಿಗೆ ಕಟ್ಟಿಸಿದ್ದ ಕೊಟ್ಟಿಗೆಯಂಥ ಕೋಣೆಯಲ್ಲಿ. ಮದುವೆಯಾಗಿ ಬಂದ ಹೆಂಡತಿ ತೆರೇಸಾ ಕೂಡ ಅಲ್ಲೇ ಸಂಸಾರ ಹೂಡಿದರು. ಅದು ಅವರ ಮನೆ, ನಮ್ಮದಲ್ಲ, ಅಷ್ಟೇ.

ಊರವರು ಸುಮ್ನೆ ಇರಲಿಲ್ಲ. ಜಪಾನಿಯರ ಪರ ಅಂತ ಬೈಗುಳ. ಒಮ್ಮೆ ಯಾರೋ ತೋಟದ ಉಗ್ರಾಣದತ್ತ ಗುಂಡು ಹಾರಿಸಿದರು, ಅವರಿಗೆ ತಗುಲುವುದು ಕೂದಲೆಳೆಯಲ್ಲಿ ತಪ್ಪಿತು. ಮರುದಿನವೂ ಬಳ್ಳಿ ಅಲ್ಲೇ ಇರುತ್ತಲ್ಲ, ಕೆಲಸ ನಡೆಯಿತು.

ಅರ್ಕಾನ್ಸಾದ ಶಿಬಿರಕ್ಕೆ ಹೋಗಿದ್ದ ಟ್ಸುಕಮೊಟೊ ಕುಟುಂಬ 1945ರಲ್ಲಿ ತಿರುಗಿ ಬಂತು. ತೋಟ ಇತ್ತು. ಬ್ಯಾಂಕಿನಲ್ಲಿ ದುಡ್ಡಿತ್ತು. ತೆರೇಸಾ ಮನೆಯನ್ನು ಗುಡಿಸಿ ಒರೆಸಿ ಇಟ್ಟಿದ್ದರು. ಮನೆಯೊಡತಿ ಮೇರಿ ಮುಂದೆ ಮಕ್ಕಳಿಗೆ ಪಾಠ ಹೇಳುವ ಟೀಚರ್ ಆದರು, ಶಿಬಿರದ ಅನ್ಯಾಯಕ್ಕೆ ಪರಿಹಾರ ಬೇಕು ಅಂತ ದನಿ ಎತ್ತಿದವರಲ್ಲಿ ಒಬ್ಬರಾದರು. 1988ರಲ್ಲಿ ಸರ್ಕಾರ ಕ್ಷಮೆ ಕೇಳಿ, ಬದುಕಿದ್ದ ಒಬ್ಬೊಬ್ಬರಿಗೆ 20,000 ಡಾಲರ್ ಕೊಡುವ ಕಾನೂನು ಮಾಡಿತು. ಫ್ಲೋರಿನ್‌ನ ಬಹಳ ಕುಟುಂಬಗಳು ಮಾತ್ರ ಮತ್ತೆ ಈ ಊರಿಗೆ ಬರಲಿಲ್ಲ. ಬರುವುದಕ್ಕೆ ಏನು ಉಳಿದಿತ್ತು?

ಫ್ಲೆಚರ್ ಅಲ್ಲೇ ಸ್ವಂತ ಜಮೀನು ಕೊಂಡು ಹುಲ್ಲು ಬೆಳೆದರು, ದನ ಸಾಕಿದರು. ವರ್ಷಗಟ್ಟಲೆ ಊರಿನ ಅಗ್ನಿಶಾಮಕ ದಳದಲ್ಲಿ ಸಂಬಳವಿಲ್ಲದೆ ದುಡಿದು, ಆಮೇಲೆ ಅದರ ಮುಖ್ಯಸ್ಥರಾಗಿ 1974ರಲ್ಲಿ ನಿವೃತ್ತರಾದರು. ಊರಿನ ಇತಿಹಾಸ ಸಂಘ ಕಟ್ಟುವುದಕ್ಕೂ ಕೈ ಹಾಕಿದರು. ಸಂಘ ನಡೆಸುವ ನಮಗೆ ಮುಖಂಡ ಅಂದ ತಕ್ಷಣ ಮೈಕು, ಶಾಲು, ಹಣ್ಣಿನ ಬುಟ್ಟಿ ಕಣ್ಣಿಗೆ ಬರುತ್ತೆ, ಅಲ್ವಾ? ಮುದಿವಯಸ್ಸಿನಲ್ಲಿ ಪತ್ರಿಕೆಯವರು ಬಂದು ನಿಮ್ಮದು ದೊಡ್ಡ ಧೈರ್ಯ ಅಂದಾಗ, ಧೈರ್ಯದ ವಿಷಯ ನನಗೆ ಗೊತ್ತಿಲ್ಲ, ಕೆಲಸ ಮಾತ್ರ ವಿಪರೀತ ಇತ್ತು ಅನ್ನುವ ಅರ್ಥದಲ್ಲಿ ಉತ್ತರ ಕೊಟ್ಟರಂತೆ. 2013ರಲ್ಲಿ ತೀರಿಕೊಂಡಾಗ ಅವರಿಗೆ 101 ವರ್ಷ.

ನಮ್ಮನೆ ಕರಿಬೇವು ಏನಾಯಿತು ಅಂತೀರಾ? ಬದುಕಿದೆ. ಹೊಸ ಚಿಗುರೂ ಬಂದಿದೆ. ಬೀಗದ ಕೈ ತಿರುಗಿ ಕೊಡುವಾಗ ಪಕ್ಕದ ಮನೆಯಾಕೆ ಸ್ವಲ್ಪ ಹಿಂಜರಿದು ಹೇಳಿದರು, "ವಾಸನೆ ನೋಡೋಣ ಅಂತ ಎರಡು ಎಲೆ ಕಿತ್ತೆ."