ಮಗಳಿಗೊಂದು ಪತ್ರ: ಫೋಟೋದಲ್ಲಿ ಮನೆ ಎಲ್ಲಿ?

ಬಸವನಗುಡಿ, ಬೆಂಗಳೂರು
ಜನವರಿ, ಭಾನುವಾರ

ಪ್ರೀತಿಯ ಪುಟ್ಟಿ,

ಮಲ್ಲೇಶ್ವರದ ಆ ಪಾಳುಮನೆ ಫೋಟೋಗೆ ಫ್ಯಾಮಿಲಿ ಗ್ರೂಪಿನಲ್ಲಿ ಎಲ್ಲರೂ ‘ಸೂಪರ್’ ಅಂದಿದ್ದಾರೆ. ನಿಮ್ಮತ್ತೆ ಅಂತೂ ಕ್ಯಾಲೆಂಡರಿಗೆ ಹಾಕಿಸಬಹುದು ಅಂತ ಬರೆದಿದ್ದಾರೆ. ನೀನು ಮಾತ್ರ ನನಗೆ ಬೇರೆಯಾಗಿ, ‘ಅಮ್ಮಾ, ಏನೋ ಸರಿಯಿಲ್ಲ, ಏನು ಅಂತ ಗೊತ್ತಾಗ್ತಿಲ್ಲ, ನಿಜ ಹೇಳು’ ಅಂತ ಕಳಿಸಿದ್ದೀಯ. ಆ ಅನುಮಾನ ಬಂತಲ್ಲ, ಅದು ಒಳ್ಳೇದೇ. ಫೋನಿನಲ್ಲಿ ಹೇಳೋಕೆ ಹೋದರೆ ನಾನು ಅರ್ಧ ಮರೀತೀನಿ, ಮಿಕ್ಕರ್ಧ ನೀನು ಕೇಳಿಸಿಕೊಳ್ಳಲ್ಲ. ವೈಟ್‌ಫೀಲ್ಡಿನಿಂದ ನೀನು ಇಲ್ಲಿಗೆ ಬಂದು ಕೂತು ಮಾತಾಡೋದು ಯಾವ ಕಾಲಕ್ಕೋ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಫೋಟೋಗ್ರಾಫರ್ ಅಲ್ಲ, ನಿನಗೇ ಗೊತ್ತು. ಆದರೆ ಆರ್ಕಿಟೆಕ್ಟ್ ಆಫೀಸಿನಲ್ಲಿ ಹಳೇ ಮನೆಗಳ ಅಳತೆ ತೆಗೆದು ನಕ್ಷೆ ಬರೆಯೋ ಕೆಲಸ ಮಾಡಿದವಳು. ನಕ್ಷೆ ಜೊತೆಗೆ ಫೋಟೋನೂ ನಾವೇ ತೆಗೆಯಬೇಕಿತ್ತು. ಒಂದು ರೋಲಿಗೆ 36 ಫೋಟೋ. ತೊಳೆಸಿ ಪ್ರಿಂಟ್ ಬರೋವರೆಗೂ ಏನು ಬಂದಿದೆ ಅಂತ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಬಟನ್ ಒತ್ತೋ ಮುಂಚೆ ಬೇಜಾನ್ ಹೊತ್ತು ನೋಡುತ್ತಿದ್ದೆವು.

ನಿನ್ನ ಫೋಟೋದಲ್ಲಿ ಮೊದಲು ಕಣ್ಣಿಗೆ ಹೊಡೆಯೋದು ಗೋಡೆ. ಎರಡೂ ಕಡೆಯ ಗೋಡೆಗಳು ಮೇಲೆ ಹೋಗುತ್ತಾ ಒಳಗೆ ವಾಲಿವೆ. ಇಡೀ ಮನೆ ಹಿಂದಕ್ಕೆ ಬೀಳುತ್ತಿದೆ ಅನ್ನಿಸುತ್ತೆ. ಹಳೇ ಮನೆ, ವಾಲಿರಬಹುದು ಅಂತ ನೋಡಿದವರು ಸುಮ್ಮನಾಗುತ್ತಾರೆ. ಆದರೆ ವಾಲಿರೋದು ಮನೆಯಲ್ಲ, ನಿನ್ನ ಫೋನು. ಗೇಟಿಗೆ ಅಂಟಿಕೊಂಡು ನಿಂತು, ಅಗಲಕ್ಕೆ ಹಿಡಿಯೋ 0.5 ಲೆನ್ಸ್ ಹಾಕಿ, ಸೂರು ಸಿಗಲಿ ಅಂತ ಫೋನನ್ನು ಮೇಲಕ್ಕೆ ಎತ್ತಿದ್ದೀಯ, ಅಲ್ವಾ? ಫೋನು ನೆಟ್ಟಗಿದ್ದರೆ ಗೋಡೆಯ ಗೆರೆಗಳೂ ನೆಟ್ಟಗೆ ಬರುತ್ತವೆ. ಮೇಲಕ್ಕೆ ತಿರುಗಿಸಿದ ಕೂಡಲೇ ಗೆರೆಗಳು ಒಂದರ ಕಡೆಗೆ ಒಂದು ಹೊರಳುತ್ತವೆ. ಎಷ್ಟು ಹತ್ತಿರ ನಿಂತರೆ ಅಷ್ಟು ಜಾಸ್ತಿ ಎತ್ತಬೇಕು, ಅಷ್ಟು ಜಾಸ್ತಿ ವಾಲುತ್ತೆ. ಅದರ ಮೇಲೆ 0.5 ಲೆನ್ಸು ಅಂಚಿನಲ್ಲಿರೋದನ್ನು ಎಳೆದು ಅಗಲ ಮಾಡುತ್ತೆ. ಜಗುಲಿಯ ಎಡಗಡೆ ಕಂಬ ನೋಡು, ನಡುವಿನ ಕಂಬಕ್ಕಿಂತ ಎಷ್ಟು ದಪ್ಪ ಕಾಣುತ್ತೆ. ಕಟ್ಟಿದವನು ಎರಡನ್ನೂ ಒಂದೇ ಅಳತೆಗೆ ಕಟ್ಟಿರುತ್ತಾನೆ.

ಸುಮ್ನೆ ರಸ್ತೆ ದಾಟು. ಎದುರಿನ ಫುಟ್‌ಪಾತಿಗೆ ಹೋಗಿ ಮಾಮೂಲಿ 1ಎಕ್ಸ್ ಹಾಕು. ಸೆಟ್ಟಿಂಗ್ಸಿನಲ್ಲಿ ಗ್ರಿಡ್ ಆನ್ ಮಾಡಿಕೋ, ಮನೆಯ ಮೂಲೆಯನ್ನು ಅದರ ನಿಂತ ಗೆರೆಗೆ ಸೇರಿಸು. ಕೆಳಗಡೆ ರಸ್ತೆ ಬೇಡದಷ್ಟು ಬರುತ್ತೆ. ಬರಲಿ, ಆಮೇಲೆ ಕತ್ತರಿಸಿದರಾಯಿತು. ಎದುರು ಮನೆಯವರು ಒಪ್ಪಿದರೆ ಅವರ ಮೊದಲ ಮಹಡಿ ಬಾಲ್ಕನಿ ಇನ್ನೂ ಒಳ್ಳೇದು. ಮನೆಯ ಅರ್ಧ ಎತ್ತರದಲ್ಲಿ ನೀನು ನಿಂತರೆ ಫೋನ್ ಎತ್ತೋ ಪ್ರಮೇಯವೇ ಬರಲ್ಲ. ಜರ್ಮನಿಯ ಬೆಖರ್ ದಂಪತಿ, ಬರ್ನ್ಡ್ ಮತ್ತು ಹಿಲ್ಲಾ, 1959ರಿಂದ ಹಳೇ ಕಾರ್ಖಾನೆ, ನೀರಿನ ಟ್ಯಾಂಕು, ಗಣಿಯ ಗೋಪುರಗಳ ಫೋಟೋ ತೆಗೆಯುತ್ತಾ ಹೋದರು. ಏಣಿ ಹತ್ತಿಯಾದರೂ ಎತ್ತರಕ್ಕೆ ಹೋಗಿ, ಕಟ್ಟಡವನ್ನು ಎದುರಿನಿಂದ ನೆಟ್ಟಗೆ ಹಿಡಿಯುತ್ತಿದ್ದರು. ಅವರ ಫೋಟೋಗಳು ಸಿಕ್ಕರೆ ನೋಡು. ಮೊದಲು ಬೋರ್ ಅನ್ನಿಸುತ್ತೆ, ಆಮೇಲೆ ಬಿಡೋಕಾಗಲ್ಲ.

ಸ್ನ್ಯಾಪ್‌ಸೀಡ್ ಆ್ಯಪಿನಲ್ಲಿ ವಾಲಿದ ಗೋಡೆ ಸರಿ ಮಾಡಬಹುದು ಅಂತ ನೀನು ಹೇಳುತ್ತೀಯ. ಮಾಡಬಹುದು. ಆದರೆ ಅದು ಗೋಡೆ ಎಳೆದು ನೆಟ್ಟಗೆ ಮಾಡುವಾಗ ಫೋಟೋದ ಅಂಚನ್ನು ತಿಂದುಹಾಕುತ್ತೆ. ನಿನ್ನ ಫೋಟೋದಲ್ಲಿ ಸೂರಿನ ತುದಿ ಈಗಲೇ ಅಂಚಿಗೆ ತಾಗಿದೆ. ಸರಿ ಮಾಡೋಕೆ ಹೋದರೆ ಅದೇ ಹಾರಿಹೋಗುತ್ತೆ.

ಇನ್ನು ಬೆಳಕು. ನನಗೆ ಜಾಸ್ತಿ ಹೇಳಬೇಕಿರೋದು ಇದರ ಬಗ್ಗೆ.

ಮನೆ ಕಪ್ಪು, ಆಕಾಶ ಸುಟ್ಟ ಬಿಳಿ. ಫೋನ್ ಹಳೇದಾಯಿತು, ಹೊಸದು ಬೇಕು ಅಂತ ನಿಮ್ಮಪ್ಪನ ಹತ್ತಿರ ಹೇಳಿದೆಯಂತೆ. ಫೋನಿನ ತಪ್ಪಲ್ಲ. ಮಲ್ಲೇಶ್ವರದ ದಿಕ್ಕು ನೆನಪಿಸಿಕೋ. ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ ದಕ್ಷಿಣೋತ್ತರವಾಗಿ ಹೋಗುತ್ತವೆ. ಕ್ರಾಸುಗಳು ಅವಕ್ಕೆ ಅಡ್ಡ, ಪೂರ್ವ ಪಶ್ಚಿಮ. ನೀನು ಫೋಟೋ ತೆಗೆದ ಮನೆ ಕ್ರಾಸಿನ ದಕ್ಷಿಣದ ಬದಿಗಿದೆ. ಅಂದರೆ ಅದರ ಮುಖ ಉತ್ತರಕ್ಕೆ. ನೀನು ಹೋಗಿದ್ದು ಡಿಸೆಂಬರ್ ಕೊನೆಯಲ್ಲಿ, ಮಧ್ಯಾಹ್ನ. ಆ ದಿನಗಳಲ್ಲಿ ಸೂರ್ಯ ದಕ್ಷಿಣದ ಕೊನೆಯಲ್ಲಿರುತ್ತಾನೆ, ನಮ್ಮ ಊರಲ್ಲಿ ನಡುಮಧ್ಯಾಹ್ನವೂ 54 ಡಿಗ್ರಿಗಿಂತ ಮೇಲೆ ಬರಲ್ಲ. ಅವನು ಮನೆಯ ಬೆನ್ನ ಹಿಂದೆ, ಮುಂದಿನ ಗೋಡೆ ಪೂರ್ತಿ ನೆರಳಲ್ಲಿ, ಮೇಲಿನ ಆಕಾಶ ಧಗಧಗ. ಎಷ್ಟು ದುಡ್ಡಿನ ಫೋನ್ ತಂದರೂ ಇಷ್ಟೊಂದು ವ್ಯತ್ಯಾಸವನ್ನು ಸಲೀಸಾಗಿ ಹಿಡಿಯಲ್ಲ. ಕ್ಯಾಮೆರಾ ಕಣ್ಣಿಗೆ ಬಿದ್ದಿದ್ದನ್ನೆಲ್ಲ ಸರಾಸರಿ ಮಾಡಿ ನಡುಮಟ್ಟದ ಬೂದು ಬಣ್ಣಕ್ಕೆ ತರೋಕೆ ನೋಡುತ್ತೆ. ಆಕಾಶದ ಬೆಳಕು ಜಾಸ್ತಿ ಆದಾಗ ಒಟ್ಟು ಬೆಳಕನ್ನು ಕಡಿಮೆ ಮಾಡುತ್ತೆ. ಅದರಲ್ಲಿ ನೆರಳಿನ ಗೋಡೆ ಮುಳುಗಿಹೋಗುತ್ತೆ.

ಚಳಿಗಾಲ ಪೂರ್ತಿ ಆ ಗೋಡೆಗೆ ಬಿಸಿಲು ಬೀಳಲ್ಲ, ಪುಟ್ಟಿ. ಮಾರ್ಚ್ 20 ದಾಟಿದ ಮೇಲೆ ಸೂರ್ಯ ಪೂರ್ವದಿಂದ ಉತ್ತರಕ್ಕೆ ಸರಿದು ಹುಟ್ಟುತ್ತಾನೆ. ಆಗ ಬೆಳಗ್ಗೆ ಮತ್ತು ಸಂಜೆ ಓರೆ ಬಿಸಿಲು ಶುರುವಾಗುತ್ತೆ. ಏಪ್ರಿಲ್ 24ರ ಸುಮಾರಿಗೆ ಬೆಂಗಳೂರಿನಲ್ಲಿ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿ ಮೇಲಿರುತ್ತಾನೆ. ಶೂನ್ಯ ನೆರಳಿನ ದಿನ ಅಂತ ಸ್ಕೂಲಿನಲ್ಲಿ ಕಂಬ ನೆಟ್ಟು ತೋರಿಸುತ್ತಾರಲ್ಲ, ಅದು. ಅಲ್ಲಿಂದ ಆಗಸ್ಟ್ 18ರ ಹತ್ತಿರದವರೆಗೆ ಮಧ್ಯಾಹ್ನದ ಬಿಸಿಲೂ ಉತ್ತರದ ಗೋಡೆಗೇ. ನನ್ನನ್ನು ಕೇಳಿದರೆ ಮೇ ತಿಂಗಳ ಒಂದು ಬೆಳಗ್ಗೆ, ಏಳು ಗಂಟೆ ಹೊತ್ತಿಗೆ ಹೋಗು. ಆಗ ಬಿಸಿಲು ಗೋಡೆಗೆ ಎದುರಾಗಿ ಬೀಳಲ್ಲ, ಗೋಡೆಯನ್ನು ಸವರಿಕೊಂಡು ಹೋಗುತ್ತೆ. ಕಿಟಕಿ ಮೇಲಿನ ಮಂಕಿ ಟಾಪ್ ಇದೆಯಲ್ಲ, ಆ ಚೂಪು ಮರದ ಟೋಪಿ, ಅದರ ಒಂದೊಂದು ಪಟ್ಟಿಗೂ ಬೇರೆ ಬೇರೆ ನೆರಳು ಸಿಗುತ್ತೆ. ಗಾರೆ ಎಲ್ಲಿ ಉಬ್ಬಿದೆ, ಎಲ್ಲಿ ಉದುರಿದೆ ಅಂತ ದೂರದಿಂದಲೇ ಕಾಣುತ್ತೆ. ಜೂನಿನಲ್ಲಾದರೆ ಮೋಡ ಬಂದುಬಿಡುತ್ತೆ.

ಮೇವರೆಗೂ ಆ ಮನೆ ಇರುತ್ತೆ ಅನ್ನೋದಕ್ಕೆ ಗ್ಯಾರಂಟಿ ಏನಿದೆ ಅಂತ ನೀನು ಕೇಳಬಹುದು. ನಿಜ. ಅದಕ್ಕೇ ಈಗಲೂ ಒಂದು ಸಲ ಹೋಗಿ ಬಾ, ಬಿಸಿಲೇ ಇಲ್ಲದ ಹೊತ್ತಿಗೆ. ಜನವರಿಯಲ್ಲಿ ಸೂರ್ಯ ಹುಟ್ಟೋದು ಆರೂಮುಕ್ಕಾಲರ ಆಸುಪಾಸು. ಅದಕ್ಕೂ ಸ್ವಲ್ಪ ಮುಂಚೆ ಆಕಾಶ ಮತ್ತು ಗೋಡೆ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿರುತ್ತವೆ. ಮೋಡ ಕವಿದ ದಿನ ಸಿಕ್ಕರೆ ಯಾವ ಹೊತ್ತಾದರೂ ನಡೆಯುತ್ತೆ. ಬೆಖರ್ ದಂಪತಿ ಬೇಕಂತಲೇ ಮೋಡದ ದಿನಗಳಿಗೆ ಕಾಯುತ್ತಿದ್ದರು. ಪರದೆ ಮೇಲೆ ಗೋಡೆಯ ಜಾಗವನ್ನು ಒತ್ತಿ ಹಿಡಿದರೆ ಫೋಕಸ್ ಅಲ್ಲೇ ಲಾಕ್ ಆಗುತ್ತೆ. ಆಮೇಲೆ ಬೆರಳನ್ನು ಕೆಳಗೆ ಜಾರಿಸಿ ಬೆಳಕನ್ನು ಸ್ವಲ್ಪ ಇಳಿಸು. ಸ್ವಲ್ಪ ಕಪ್ಪಾದ ಗೋಡೆಯನ್ನು ಆಮೇಲೆ ಮೇಲೆ ತರಬಹುದು. ಸುಟ್ಟು ಬಿಳಿಯಾದ ಆಕಾಶದಲ್ಲಿ ತರೋಕೆ ಏನೂ ಉಳಿದಿರಲ್ಲ. ಭಾನುವಾರ ನಸುಕಿಗೆ ಹೋದರೆ ಇನ್ನೊಂದು ಲಾಭ, ಎದುರಿಗೆ ನಿಂತ ಕಾರುಗಳು ಕಡಿಮೆ.

ಈಗ ನಿನಗೆ ಸ್ವಲ್ಪ ಬೇಜಾರಾಗೋ ಮಾತು. ಆ ಕಪ್ಪು ಬಿಳುಪು ಫಿಲ್ಟರ್ ಯಾಕೆ? ನಾಲ್ಕೂ ಮೂಲೆಗೆ ಮಸಿ ಬಳಿದ ಹಾಗಿದೆ. ಸೂರಿನ ಸುತ್ತ ಬಿಳಿ ಅಂಚು ಬಂದಿದೆ, ಅದು ಆ್ಯಪಿನಲ್ಲಿ ವಿವರಗಳನ್ನು ಎದ್ದು ಕಾಣಿಸೋ ಸ್ಟ್ರಕ್ಚರ್ ಅನ್ನೋ ಪಟ್ಟಿಯನ್ನು ಕೊನೆವರೆಗೆ ಎಳೆದಿದ್ದರ ಗುರುತು. ಬೇಳೆ ಬೇಯೋ ಮುಂಚೆಯೇ ಒಗ್ಗರಣೆ ಹಾಕಿದ್ದೀಯ. ಪಾಳುಮನೆ ಅಂದರೆ ದೆವ್ವದ ಮನೆ ಅಂತ ಹೋಗೋ ಮೊದಲೇ ತೀರ್ಮಾನ ಮಾಡಿಕೊಂಡಿದ್ದೆ ಅನ್ನಿಸುತ್ತೆ. ಅಂಥ ಫೋಟೋ ಯಾವ ಊರಿನ ಯಾವ ಮನೆಯದಾದರೂ ಆಗಬಹುದು. ನಿನ್ನ ಫೋಟೋದಲ್ಲಿ ಪಾಳು ಕಾಣುತ್ತೆ, ಆ ಮನೆ ಕಾಣಲ್ಲ. ನಿನಗೆ ಸರಿಯಿಲ್ಲ ಅನ್ನಿಸಿದ್ದು ಇದೇ ಇರಬೇಕು.

ಫಿಲ್ಟರ್ ಹಾಕದ ಫೋಟೋನೂ ಕಳಿಸಿದ್ದೆಯಲ್ಲ, ಅದನ್ನು ಟ್ಯಾಬಿನಲ್ಲಿ ತೆರೆದು ನೆರಳಿನ ಭಾಗವನ್ನು ಬೆಳಗಿಸಿ ನೋಡಿದೆ. ಬಲಗಡೆ ಕಿಟಕಿ ಕೆಳಗೆ ಅಂಗೈ ಅಗಲ ಗಾರೆ ಎದ್ದುಬಂದಿದೆ. ಅದರ ಅಂಚಿನಲ್ಲಿ ಬಣ್ಣಗಳು ಪದರ ಪದರವಾಗಿ ಕಾಣುತ್ತವೆ. ಮೇಲೆ ಹಳದಿ ಡಿಸ್ಟೆಂಪರ್, ಅದರ ಕೆಳಗೆ ತಿಳಿ ಹಸಿರು, ಅದರ ಕೆಳಗೆ ನೀಲಿ ಬೆರೆಸಿದ ಸುಣ್ಣ. ಒಂದೊಂದು ಬಣ್ಣವೂ ಆ ಮನೆಯವರ ಒಂದು ಹಬ್ಬಕ್ಕೋ ಮದುವೆಗೋ ಬಳಿಸಿದ್ದಿರಬೇಕು. ಮೆಟ್ಟಿಲು ರೆಡ್ ಆಕ್ಸೈಡು, ನಡುವೆ ಕಾಲು ಬೀಳೋ ಜಾಗದಲ್ಲಿ ಮಾತ್ರ ಸವೆದು ಮಂಕಾಗಿದೆ. ಸಜ್ಜಾ ಮೇಲಿನ ಬಿರುಕಿನಲ್ಲಿ ಅರಳಿ ಸಸಿ ಎದ್ದಿದೆ. ಹಕ್ಕಿ ಹಣ್ಣು ತಿಂದು ಹಾಕಿದ ಬೀಜ ಹಳೇ ಸುಣ್ಣದ ಗಾರೆಯ ಸಂದಿಯಲ್ಲಿ ತೇವ ಹಿಡಿದು ಮೊಳೆಯುತ್ತೆ, ಬೇರು ದಪ್ಪ ಆದ ಹಾಗೆಲ್ಲ ಬಿರುಕೂ ದೊಡ್ಡದಾಗುತ್ತೆ. ಇಷ್ಟೆಲ್ಲ ಅಲ್ಲಿದೆ. ಕಪ್ಪು ಬಿಳುಪಿನಲ್ಲಿ ಹಳದಿ, ಹಸಿರು, ನೀಲಿ ಮೂರೂ ಒಂದೇ ಬೂದಿ. ಬಣ್ಣ ಹಾಗೇ ಇರಲಿ. ಪೂರ್ತಿ ಮನೆಯ ಫೋಟೋ ಒಂದು ತೆಗಿ. ಆಮೇಲೆ 2ಎಕ್ಸ್ ಹಾಕಿ ಆ ಕಿಟಕಿ ಒಂದನ್ನೇ ತೆಗಿ. ನನಗೇನೋ ಎರಡನೆಯದೇ ಗೆಲ್ಲುತ್ತೆ ಅನ್ನಿಸುತ್ತೆ.

ಬಲಗಡೆ ಅಂಚಿನಲ್ಲಿ ಒಂದು ಗಾಜಿನ ಬಾಲ್ಕನಿಯ ಚೂರು ಉಳಿದುಕೊಂಡಿದೆ. ಪಕ್ಕದ ಅಪಾರ್ಟ್‌ಮೆಂಟು ತಾನೇ? ಅದು ಬರಬಾರದು ಅಂತ ಕತ್ತರಿಸಿದ್ದೀಯ. ಎಡಗಡೆ ಖಾಲಿ ಅಂಗಳವನ್ನೂ ಕತ್ತರಿಸಿದ್ದೀಯ. ಎರಡೂ ಬೇಕಿತ್ತು ಅಂತ ನನ್ನ ಅಭಿಪ್ರಾಯ. 1898ರಲ್ಲಿ ಪ್ಲೇಗ್ ಬಂದು ಪೇಟೆ ಕಡೆಯ ಇಕ್ಕಟ್ಟಿನ ಕೇರಿಗಳಿಂದ ಜನ ಹೊರಗೆ ಬಂದ ಮೇಲೆ ತಾನೇ ಮಲ್ಲೇಶ್ವರ, ನಮ್ಮ ಬಸವನಗುಡಿ ಬೆಳೆದದ್ದು. ಗಾಳಿ ಬೆಳಕು ಬರಲಿ ಅಂತ ಸುತ್ತ ಜಾಗ ಬಿಟ್ಟು ನಡುವೆ ಮನೆ ಕಟ್ಟಿಸಿದರು. ಆ ಬಿಟ್ಟ ಜಾಗವೇ ಈಗ ಮನೆಗಿಂತ ಜಾಸ್ತಿ ಬೆಲೆ ಬಾಳುತ್ತೆ. ಮನೆ, ಅಂಗಳ, ಇನ್ನೊಂದು ಪಕ್ಕದಲ್ಲಿ ಗೋಡೆಗೆ ಗೋಡೆ ಹಚ್ಚಿ ಎದ್ದ ಅಪಾರ್ಟ್‌ಮೆಂಟು, ಮೂರೂ ಒಂದೇ ಫೋಟೋದಲ್ಲಿ ಇದ್ದರೆ ಆ ಮನೆ ಯಾಕೆ ಖಾಲಿ ಬಿದ್ದಿದೆ ಅಂತ ನೀನು ಕೆಳಗೆ ಬರೆಯಬೇಕಾಗಿಲ್ಲ. ಕಾಂಪೌಂಡಿನ ಮೇಲಿನ ‘ಲೇಡೀಸ್ ಪಿಜಿ’ ಪೋಸ್ಟರೂ ಇರಲಿ, ಅಳಿಸಬೇಡ. ಕೇಬಲ್ ವೈರುಗಳು ಮಾತ್ರ ಮಂಕಿ ಟಾಪಿಗೆ ಅಡ್ಡ ಬರುತ್ತಿವೆ. ನಾಲ್ಕು ಹೆಜ್ಜೆ ಎಡಕ್ಕೆ ಸರಿದರೆ ಅವು ಮರದ ಹಿಂದೆ ಹೋಗಬಹುದು, ನೋಡು.

ಗೇಟ್ ಹಾರಿ ಒಳಗೆ ಹೋಗೋ ಯೋಚನೆ ಇದೆ ಅಂದೆಯಲ್ಲ, ಅದು ಬೇಡವೇ ಬೇಡ. ಇದು ಅಮ್ಮನ ಹೆದರಿಕೆ ಅಂದುಕೋಬೇಡ. ಆ ಕಾಲದ ಮನೆಗಳಿಗೆ ಮದ್ರಾಸ್ ಟೆರೇಸ್ ಜಾಸ್ತಿ. ಮರದ ತೊಲೆಗಳ ಮೇಲೆ ತೆಳು ಇಟ್ಟಿಗೆಯನ್ನು ಸುಣ್ಣದ ಗಾರೆಯಲ್ಲಿ ನಿಲ್ಲಿಸಿ ಕಟ್ಟಿದ ತಾರಸಿ ಅದು. ನೀರು ಸೋರಿದರೆ ತೊಲೆಯ ತುದಿ ಗೋಡೆ ಒಳಗೇ ಕೊಳೆಯುತ್ತೆ. ಕೆಳಗೆ ನಿಂತು ನೋಡಿದರೆ ಏನೂ ಗೊತ್ತಾಗಲ್ಲ. ಹಿತ್ತಲಲ್ಲಿ ಹಳೇ ಬಾವಿನೂ ಇರಬಹುದು, ಗಿಡ ಮುಚ್ಚಿರುತ್ತೆ. ರಸ್ತೆಯಲ್ಲಿ ನಿಂತು ತೆಗೆದರೆ ಸಾಕು. ಒಳಗೆ ಹೋಗಲೇಬೇಕು ಅಂದರೆ ಪಕ್ಕದ ಅಪಾರ್ಟ್‌ಮೆಂಟಿನ ವಾಚ್‌ಮನ್ ಹತ್ತಿರ ಓನರ್ ಯಾರು ಅಂತ ಕೇಳು. ಕೇಳಿ, ಅವರ ಜೊತೆಗೇ ಹೋಗು. ಫೋಟೋ ಹಾಕುವಾಗ ಎಷ್ಟನೇ ಕ್ರಾಸ್ ಅಂತ ಬರೀಬೇಡ. ಹಳೇ ಬಾಗಿಲು ಕಂಬಗಳ ಮೇಲೆ ಕಣ್ಣಿಟ್ಟವರು ಇರುತ್ತಾರೆ.

ಮುಂದಿನ ಸಲ ಫೋಟೋನ ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಅಂತ ಕಳಿಸು. ಮಾಮೂಲಿ ಕಳಿಸಿದರೆ ಅದು ಕುಗ್ಗಿಸಿಬಿಡುತ್ತೆ, ನಾನು ನೆರಳು ಬೆಳಗಿಸೋಕೆ ಹೋದರೆ ಬರೀ ಚೌಕ ಚೌಕ ಕಾಣುತ್ತೆ. ಚೆನ್ನಾಗಿರೋದು ಅಂತ ಒಂದನ್ನೇ ಆರಿಸಿ ಕಳಿಸಬೇಡ, ತೆಗೆದಿದ್ದನ್ನೆಲ್ಲ ಕಳಿಸು. ಯಾವುದು ಇರಬೇಕು ಅಂತ ಇಬ್ಬರೂ ಕೂತು ಜಗಳ ಆಡೋಣ. ನಿಮ್ಮಪ್ಪನೂ ಬರ್ತಾರಂತೆ ನಿನ್ನ ಜೊತೆ, ಅಷ್ಟು ಹೊತ್ತಿಗೇ ಎದ್ದರೆ ಮಲ್ಲೇಶ್ವರದಲ್ಲಿ ಬೆಣ್ಣೆ ಮಸಾಲೆಗೆ ಕ್ಯೂ ಇರಲ್ಲ ಅಂತ ಅವರ ಲೆಕ್ಕ. ಶನಿವಾರ ರಾತ್ರಿ ಇಲ್ಲಿಗೇ ಬಂದುಬಿಡು.

ನಿನ್ನ,
ಅಮ್ಮ