ಹೆಸರು ಹೇಳದೆ ಒಂದು ಧನ್ಯವಾದ

ಅಕ್ಕಾ, ಹೆಸರು ಹಾಕಬೇಡ ಅಂದಿದ್ದೀರಿ, ಹಾಕುವುದಿಲ್ಲ. ಆದರೆ ಧನ್ಯವಾದ ಹೇಳದೆ ಇರಲಾರೆ.

ಮುಂಬೈಯ ನಮ್ಮ ಚರ್ಚಿನ ಕನ್ನಡ ಆರಾಧನೆ ಮುಗಿದ ಮೇಲೆ ನೀವು ನನ್ನ ಬರಹಗಳನ್ನೆಲ್ಲ ತರಿಸಿಕೊಂಡು ಓದಿದಿರಿ. ಉಪದೇಶದಂಥ ಲೇಖನಗಳನ್ನು ಪಕ್ಕಕ್ಕಿಟ್ಟು, ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ಚಿಕಿತ್ಸೆಗೆಂದು ಊರಿನಿಂದ ಬಂದಿದ್ದ ತಾಯಿಯೊಬ್ಬರಿಗೆ ನಾನು ಬರೆದ ಪತ್ರದ ಅಂಚಿನಲ್ಲಿ ಪೆನ್ಸಿಲಿನಿಂದ ಗೆರೆ ಎಳೆದಿರಿ. “ದೇವರು ನಿನಗೆ ಕೊಟ್ಟಿರುವ ವರ ಇಲ್ಲಿದೆ ನೋಡು” ಅಂದಿರಿ.

ಆಮೇಲೆ ಬೈಬಲಿನಲ್ಲಿ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 12ನೇ ಅಧ್ಯಾಯ ತೆರೆದಿರಿ. ಪ್ರವಾದನೆ, ಸೇವೆ, ಬೋಧನೆ, ಧೈರ್ಯ ತುಂಬುವುದು, ದಾನ, ಮುಂದಾಳತ್ವ, ಕರುಣೆ: 6ರಿಂದ 8ನೇ ವಚನದೊಳಗೆ ಏಳು ವರಗಳು. ಕರುಣೆ ತೋರಿಸುವವನು ಸಂತೋಷದಿಂದ ತೋರಿಸಲಿ ಎಂಬ ಮಾತಿನ ಮೇಲೆ ನಿಮ್ಮ ಬೆರಳು ಬಹಳ ಹೊತ್ತು ನಿಂತಿತ್ತು. ಬೋಧಿಸುವವರು ಬೋಧನೆಯನ್ನೇ ಬರೆಯಲಿ, ಅದೂ ಸಭೆಗೆ ಬೇಕು ಎಂದೂ ಹೇಳಿದಿರಿ. ಈ ಸಮತೂಕ ನನಗೆ ತುಂಬ ಹಿಡಿಸಿತು.

ಈಗ ಬರೆಯಲು ಕೂತಾಗ ವಿಷಯಕ್ಕಿಂತ ಮೊದಲು ಓದುವವರ ಮುಖ ನೆನೆದು ಪ್ರಾರ್ಥಿಸುತ್ತೇನೆ. ದೂರದೂರಿನಿಂದ ಬಂದ ರೋಗಿಗಳ ಮನೆಯವರಿಗೆ ಕನ್ನಡದಲ್ಲಿ ಚಿಕ್ಕ ಪತ್ರಗಳನ್ನು ಬರೆಯುತ್ತಿದ್ದೇನೆ. ನಿಮ್ಮಿಂದಲೇ ಶುರುವಾದದ್ದು, ಅಕ್ಕಾ. ದೇವರು ನಿಮ್ಮನ್ನು ಆಶೀರ್ವದಿಸಲಿ.