ಮೇಯರ್ ಗಾದಿಯಿಂದ ವಿಧಾನಸಭೆಗೆ

ಮಾನ್ಯರೇ,

ಬೆಳಗಾವಿಯ ಮೇಯರ್ ಆಗಿದ್ದ ಸಂಭಾಜಿ ಪಾಟೀಲ 2013ರಲ್ಲಿ ಬೆಳಗಾವಿ ದಕ್ಷಿಣ ಕ್ಷೇತ್ರದಿಂದ ಶಾಸಕರಾದರು. ಅವರು ಬೆಳಗಾವಿಯನ್ನು ಮಹಾರಾಷ್ಟ್ರಕ್ಕೆ ಸೇರಿಸಬೇಕೆನ್ನುವ ಮಹಾರಾಷ್ಟ್ರ ಏಕೀಕರಣ ಸಮಿತಿಯವರು; ಭಾಷೆಯ ವಿಷಯದಲ್ಲಿ ಅವರ ನಿಲುವನ್ನು ನಾನೆಂದೂ ಒಪ್ಪಿದವನಲ್ಲ. ಆದರೂ ಗಟಾರು, ನಳದ ನೀರು, ಬೀದಿದೀಪದ ಜಗಳ ಬಿಡಿಸಿ ಬಂದವರಿಗೆ ಕಡತ ಯಾವ ಮೇಜಿನ ಮೇಲೆ ನಿಲ್ಲುತ್ತದೆ ಎಂಬುದು ಗೊತ್ತಿರುತ್ತದೆ.

ಸ್ಥಳೀಯ ಸಂಸ್ಥೆಯಿಂದ ವಿಧಾನಸಭೆಗೆ ಏರುವ ಆ ಏಣಿಯ ನಡುವಿನ ಮೆಟ್ಟಿಲುಗಳೇ ಮುರಿದವು. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಚುನಾವಣೆಯ ಬದಲು ಆಡಳಿತಾಧಿಕಾರಿಗಳು ಬಂದರು. ಅದೇ ಡಿಸೆಂಬರಿನಲ್ಲಿ ಸ್ಥಳೀಯ ಸಂಸ್ಥೆಗಳಿಂದ ವಿಧಾನ ಪರಿಷತ್ತಿನ 25 ಸ್ಥಾನಗಳಿಗೆ ಮತದಾನವಂತೂ ತಪ್ಪಲಿಲ್ಲ. ಮತ ಹಾಕಲು ಜಿಲ್ಲಾ ಪಂಚಾಯಿತಿ ಸದಸ್ಯರೇ ಇರಲಿಲ್ಲ! ಬೆಳಗಾವಿಯ ಎರಡು ಸ್ಥಾನ ಗೆದ್ದವರು ಲಖನ್ ಜಾರಕಿಹೊಳಿ, ಚನ್ನರಾಜ ಹಟ್ಟಿಹೊಳಿ. ಇಬ್ಬರೂ ಆಗ ಶಾಸಕರಾಗಿದ್ದವರ ಸಹೋದರರು.

— ಒಬ್ಬ ಓದುಗ, ಬೆಳಗಾವಿ